ತಕರಾರು ವಹಿ ಬಿಚ್ಚಿದ ಮೇಲೆ

ರಾಯಚೂರಿನ ಕೃಷಿ ಮಾರುಕಟ್ಟೆಯಾದ ರಾಜೇಂದ್ರ ಗಂಜಿನಲ್ಲಿ ದಲಾಲಿ ಅಂಗಡಿಯೊಂದಕ್ಕೆ ಗುಮಾಸ್ತನಾಗಿ ಸೇರಿದವನು ನಾನು. ಅಲ್ಲೇ ಲೆಕ್ಕಪತ್ರ ನೋಡುವ ಮುನೀಮನಾದೆ. ಕೊನೆಯ ಹನ್ನೊಂದು ವರ್ಷ ವರ್ತಕರ ಸಂಘದ ಕಚೇರಿ ನೋಡಿಕೊಂಡೆ. ನಾನು ಕೆಲಸ ಬಿಡುವ ವರ್ಷ ಅಧ್ಯಕ್ಷರು ಕರೆದು, "ಮುನೀಮ್ರ, ಸಂಘದ ಇತಿಹಾಸ ಒಂದು ಬರೀರಿ. ನಿಮ್ಮಷ್ಟು ಕಾಗದ ನೋಡಿದವ್ರು ಗಂಜಿನ್ಯಾಗ ಯಾರದಾರ?" ಅಂದರು. ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಎಂಟು ಪುಟ ಸಾಕು ಎಂಬುದು ಅವರ ಲೆಕ್ಕ. ಹಿಂದಿನ ಅಧ್ಯಕ್ಷರ ಫೋಟೊ, ಕಟ್ಟಡ ಕಟ್ಟಿದ ವರ್ಷ, ಬಂದುಹೋದ ಮಂತ್ರಿಗಳ ಹೆಸರು ಇಷ್ಟೇ ಅವರ ಮನಸ್ಸಿನಲ್ಲಿ ಇದ್ದದ್ದು. ನನ್ನ ಮನಸ್ಸಿನಲ್ಲೂ ಆಗ ಅದಕ್ಕಿಂತ ಹೆಚ್ಚೇನೂ ಇರಲಿಲ್ಲ.

ಆ ಎಂಟು ಪುಟ ಮೂರು ವರ್ಷದ ಕೆಲಸವಾಯಿತು, ಕೊನೆಗೆ ಒಂದು ಪುಸ್ತಕವೇ ಆಯಿತು. ನಮ್ಮ ಭಾಗದ ಬೇರೆ ಸಂಘದವರೂ ಈಗ ಇಂಥ ಕೆಲಸಕ್ಕೆ ಕೈ ಹಾಕುತ್ತಿದ್ದಾರೆ, ಬಂದು ಕೇಳುತ್ತಾರೆ. ಅದಕ್ಕೇ ನಾನು ಮಾಡಿದ್ದನ್ನು, ತಪ್ಪಿದ್ದನ್ನು, ತಿದ್ದಿಕೊಂಡದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಕಾಗದಗಳು ಮೂರು ಕಡೆ ಇದ್ದವು. ಕಚೇರಿಯ ಅಟ್ಟದ ಮೇಲೆ ಎರಡು ಕಬ್ಬಿಣದ ಟ್ರಂಕು, ಗೋದಾಮಿನ ಮೂಲೆಯಲ್ಲಿ ಗೋಣಿಚೀಲದಲ್ಲಿ ಕಟ್ಟಿಟ್ಟ ದಫ್ತರ, ಉಳಿದದ್ದು ಹಳೆಯ ಪದಾಧಿಕಾರಿಗಳ ಮನೆಗಳಲ್ಲಿ. 2009ರ ಸೆಪ್ಟೆಂಬರ್ ಕೊನೆಗೆ ನಮ್ಮ ಜಿಲ್ಲೆಯನ್ನು ಮುಳುಗಿಸಿದ ಮಳೆಯಲ್ಲಿ ಗೋದಾಮಿನ ತಗಡು ಸೋರಿತ್ತು. ಗೋಣಿಚೀಲ ಬಿಚ್ಚಿದಾಗ ಅರ್ಧದಷ್ಟು ವಹಿಗಳು, ಅಂದರೆ ಲೆಕ್ಕದ ಪುಸ್ತಕಗಳು, ಇಟ್ಟಿಗೆಯ ಹಾಗೆ ಅಂಟಿಕೊಂಡಿದ್ದವು. ನಾನು ಮಾಡಿದ ಮೊದಲ ತಪ್ಪು ಅಲ್ಲೇ. ಅವಸರದಲ್ಲಿ ಒಂದು ವಹಿಯ ಹಾಳೆಗಳನ್ನು ಬಿಡಿಸಲು ಹೋಗಿ ಹನ್ನೆರಡು ಹಾಳೆ ಹರಿದೆ. ಹರಿದದ್ದಕ್ಕೆ ಸೆಲ್ಲೋಟೇಪು ಹಚ್ಚಿದೆ. ಆರು ತಿಂಗಳಲ್ಲಿ ಆ ಟೇಪು ಹಳದಿಯಾಗಿ, ಅದರ ಕೆಳಗಿನ ಮಸಿಯನ್ನೂ ಎಳೆದುಕೊಂಡು ಎದ್ದು ಬಂತು. ಹಳೆಯ ಕಾಗದಕ್ಕೆ ಟೇಪು, ಲ್ಯಾಮಿನೇಶನ್ ಎರಡೂ ಬೇಡ. ಅಂಟಿದ ವಹಿಯನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ವಾರಗಟ್ಟಲೆ ಹಾಗೇ ಇಡಬೇಕು. ತಾನಾಗಿ ಸಡಿಲಾದಷ್ಟನ್ನೇ ಬಿಡಿಸಬೇಕು. ಬಿಡದಿದ್ದರೆ ಬಿಟ್ಟುಬಿಡಬೇಕು, ಮುಂದೆ ಬಲ್ಲವರು ಯಾರಾದರೂ ಬಿಡಿಸಿಯಾರು. ಗೆದ್ದಲು ತಿಂದ ಹಾಳೆಯನ್ನು ಮೆತ್ತನೆಯ ಬ್ರಷ್‌ನಿಂದ ಒರೆಸಿ, ಮೊಬೈಲಿನಲ್ಲಿ ಫೋಟೊ ತೆಗೆದು, ಹೊಸ ಅರಿವೆಯಲ್ಲಿ ಸುತ್ತಿ ಇಟ್ಟೆ. ಪ್ರತಿ ಗಂಟಿಗೂ ಒಂದು ನಂಬರು. ಆ ನಂಬರು ಬರೆದ ನೋಟ್‌ಬುಕ್ಕೇ ಮುಂದೆ ನನ್ನ ಬೆನ್ನೆಲುಬಾಯಿತು.

ಮನೆಗಳಲ್ಲಿ ಇದ್ದ ಕಾಗದ ತರಿಸುವುದು ಇದಕ್ಕಿಂತ ಕಷ್ಟ. ಒಬ್ಬ ಮಾಜಿ ಪದಾಧಿಕಾರಿಯ ಮನೆಗೆ ಒಂಬತ್ತು ಸಲ ಹೋದೆ. ಸಭೆಯ ನಿರ್ಣಯಗಳನ್ನು ಬರೆದಿಡುವ ಠರಾವು ಪುಸ್ತಕ, ನಾಲ್ಕು ವರ್ಷದ್ದು, ಅವರಲ್ಲಿ ಇದೆ ಎಂದು ಎಲ್ಲರಿಗೂ ಗೊತ್ತು. ಚಹಾ ಕೊಟ್ಟರು, ಪುಸ್ತಕ ಕೊಡಲಿಲ್ಲ. ಆ ನಾಲ್ಕು ವರ್ಷ ನನ್ನ ಬರಹದಲ್ಲಿ ಇಂದಿಗೂ ಬಡವಾಗಿಯೇ ಇದೆ. ನನಗೆ ಈಗಲೂ ಅದರ ಸಂಕಟ ಇದೆ. ಸಂಘದ ಪುಸ್ತಕ ಸಂಘದ ಕಪಾಟಿನಲ್ಲಿ ಇರಬೇಕು. ಅದನ್ನು ಮನೆಗೆ ಒಯ್ಯುವ ಅಧಿಕಾರ ಅಧ್ಯಕ್ಷರಿಗೂ ಇಲ್ಲ.

ಟ್ರಂಕು ತೆರೆದ ದಿನ ಇನ್ನೊಂದು ಸತ್ಯ ಎದುರಾಯಿತು. ನಮ್ಮ ಸಂಘದ ಚರಿತ್ರೆ ನಾಲ್ಕು ಭಾಷೆಗಳಲ್ಲಿ ಬಿದ್ದಿತ್ತು. ಸರ್ಕಾರದ ಜೊತೆಗಿನ ಪತ್ರಗಳು ಉರ್ದುವಿನಲ್ಲಿ, ಕೋಮಟಿಗರ ಅಂಗಡಿಯ ಖತಾವಣಿ ತೆಲುಗಿನಲ್ಲಿ, ಮಾರವಾಡಿಗಳ ಹುಂಡಿ ಕಾಗದ (ಹಣ ಕೊಡುವಂತೆ ಬರೆದ ವ್ಯಾಪಾರದ ಚೀಟಿ) ಅವರದೇ ಲಿಪಿಯಲ್ಲಿ, ನಡುನಡುವೆ ಕನ್ನಡ. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು ನಿಜಾಮರ ಸಂಸ್ಥಾನದಲ್ಲಿ ಇತ್ತೆಂದು ಶಾಲೆಯಲ್ಲಿ ಓದಿದ್ದೆ. ಅದರ ಅರ್ಥ ಏನೆಂದು ತಿಳಿದದ್ದು ನನ್ನದೇ ಕಚೇರಿಯ ಕಾಗದ ಓದಲಾಗದೆ ಕೂತಾಗ. ಹೊಳೆಯಾಚೆ ಬಳ್ಳಾರಿಯಲ್ಲಿ ಹತ್ತಿ ವ್ಯಾಪಾರ ಮಾಡುವ ನನ್ನ ಗೆಳೆಯನೊಬ್ಬನಿದ್ದಾನೆ. ಅವರ ಕಡೆಯ ಹಳೆಯ ಕಾಗದವೆಲ್ಲ ಇಂಗ್ಲಿಷಿನಲ್ಲಿದೆ, ಮದ್ರಾಸ್ ಪ್ರಾಂತದ ರೀತಿಯಲ್ಲಿದೆ. ಅಲ್ಲಿ ಸಂಘ ನೋಂದಾಯಿಸುತ್ತಿದ್ದದ್ದು ಬ್ರಿಟಿಷರ 1860ರ ಕಾಯ್ದೆಯಲ್ಲಿ. ತುಂಗಭದ್ರೆಯ ಎರಡು ದಂಡೆ, ಒಂದೇ ಹತ್ತಿ, ಒಂದೇ ಶೇಂಗಾ. ಆದರೆ ನಾಣ್ಯ ಬೇರೆ, ಪಂಚಾಂಗ ಬೇರೆ, ಕಾಯ್ದೆ ಬೇರೆ, ನಡುವೆ ಸುಂಕ ವಸೂಲಿಯ ಕರೋಡಗಿರಿ ಕಟ್ಟೆ. ನಮ್ಮ ಭಾಗದ ವ್ಯಾಪಾರದ ಚರಿತ್ರೆ ಬರೆಯುವವರು ಮೊದಲು ಈ ಎರಡು ದಂಡೆಗಳನ್ನು ಬೇರೆ ಬೇರೆಯಾಗಿ ನೋಡಬೇಕು.

ಉರ್ದು ಓದಲು ನಿವೃತ್ತ ಉರ್ದು ಶಾಲೆ ಮಾಸ್ತರರೊಬ್ಬರು ಸಿಕ್ಕರು. ನಾನು ಅವರನ್ನು ಮಾಸ್ತರ್ ಸಾಬ್ ಎಂದೇ ಕರೆಯುತ್ತಿದ್ದೆ. ಮೊದಲ ಹಾಳೆ ಕೈಗೆ ಕೊಟ್ಟಾಗ ಅವರೇ ತಡವರಿಸಿದರು. "ಇದು ಶಿಕಸ್ತಾ ಬರಹ ಅದ ಮುನೀಮ್‌ಜಿ. ಕಚೇರಿ ಮಂದಿ ಓಡಿಸಿ ಬರೀತಿದ್ರು. ನಾನು ಮಕ್ಕಳಿಗೆ ಕಲಿಸಿದ್ದು ಅಚ್ಚಿನ ಉರ್ದು" ಅಂದರು. ಮೊತ್ತಗಳು ಅಂಕಿಯಲ್ಲಿ ಇರಲಿಲ್ಲ. ರಕಂ ಎಂಬ ಗುರುತಿನ ಬರಹದಲ್ಲಿದ್ದವು, ನೋಡಿದರೆ ಗೀರು ಎಳೆದ ಹಾಗೆ. ಅವರು ತಮ್ಮ ತಂದೆಯ ಕಾಲದ ಒಬ್ಬ ಪಟವಾರಿ ಮನೆತನದವರನ್ನು ಹುಡುಕಿ, ಅವರಿಂದ ರಕಂ ಕಲಿತು ಬಂದರು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ! ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಬರುತ್ತಿದ್ದರು. ಅವರು ಓದುವುದು, ನಾನು ಕನ್ನಡದಲ್ಲಿ ಬರೆದುಕೊಳ್ಳುವುದು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಆ ಪುಸ್ತಕದ ಅರ್ಧ ಅವರದು.

ತಾರೀಕಿನ ಗೋಜಲು ದೊಡ್ಡದು. ಸಂಸ್ಥಾನದ ಕಾಗದದಲ್ಲಿ ಇರುವುದು ಫಸ್ಲಿ ವರ್ಷ. ಆಜುರ್, ದೈ, ಬಹ್ಮನ್, ಇಸ್ಫಂದಾರ್ ಹೀಗೆ ಹನ್ನೆರಡು ತಿಂಗಳು, ವರ್ಷ ಶುರುವಾಗುವುದು ಆಜುರ್‌ನಿಂದ, ಅಂದರೆ ಅಕ್ಟೋಬರ್ ಮೊದಲ ವಾರದಿಂದ. ಫಸ್ಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆ ಎಂದು ಯಾರೋ ಹೇಳಿದ್ದರು. ಎಲ್ಲಕ್ಕೂ ಹಾಗೇ ಕೂಡಿಸಿದೆ. ಸಂಘದ ಅತ್ಯಂತ ಹಳೆಯ ಚಂದಾ ರಸೀದಿಯಲ್ಲಿ 'ಅಮರ್ದಾದ್ 1352' ಎಂದಿತ್ತು. 1942 ಎಂದು ಬರೆದು, ಕರಡಿನಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದೆ. ಗಂಜಿನ ಒಬ್ಬ ಹಿರಿಯ ಮುನೀಮರು ಕರಡು ನೋಡಿ, "ತಮ್ಮಾ, ಅಮರ್ದಾದ್ ಅಂದ್ರ ಮಿರಗದ ಮಳಿ ಹೊತ್ತು. ಆಜುರ್ ದಾಟಿ ಆಗಲೇ ಎಂಟು ತಿಂಗಳಾಗಿರ್ತದ. ಇಂಗ್ಲಿಷ್ ವರ್ಷ ನಡುವ ಬದಲಾಗಿಲ್ಲೇನು?" ಅಂದರು. ಅವರು ಹೇಳಿದ್ದೇ ಸರಿ. ಆಜುರ್‌ನಿಂದ ಡಿಸೆಂಬರ್ ಮುಗಿಯುವ ತನಕ 590, ಜನವರಿ ಬಂದ ಮೇಲೆ 591 ಕೂಡಿಸಬೇಕು. ಅಮರ್ದಾದ್ 1352 ಎಂದರೆ 1943ರ ಜೂನ್. ತಾಳೆ ನೋಡಲು ಒಂದು ಸುಲಭ ದಾರಿಯನ್ನೂ ಅವರೇ ಹೇಳಿಕೊಟ್ಟರು. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ ಮುಗಿದದ್ದು 1948ರ ಸೆಪ್ಟೆಂಬರಿನಲ್ಲಿ, ಆಗ ನಡೆಯುತ್ತಿದ್ದದ್ದು ಫಸ್ಲಿ 1357. ಕೂಡಿಸಿ ನೋಡಿದರೆ 591 ಸರಿಹೊಂದುತ್ತದೆ. ಅಂದಿನಿಂದ ನಾನು ಪ್ರತಿ ತಾರೀಕನ್ನೂ ಎರಡು ಕಾಲಂಗಳಲ್ಲಿ ಬರೆದೆ, ಕಾಗದದಲ್ಲಿ ಇದ್ದ ಹಾಗೆ ಒಂದರಲ್ಲಿ, ನನ್ನ ಲೆಕ್ಕ ಇನ್ನೊಂದರಲ್ಲಿ. ಮೂರನೆಯ ಕಾಲಂನಲ್ಲಿ ಓದಿದವರ ಹೆಸರು. ತಪ್ಪಿದ್ದರೆ ಮುಂದಿನವರಿಗೆ ಸಿಗಲಿ ಎಂದು.

ಸಂಘದ ಬಾಗಿಲ ಮೇಲಿನ ಬೋರ್ಡಿನಲ್ಲಿ 'ಸ್ಥಾಪನೆ: 1956' ಎಂದಿದೆ. ನಾವೆಲ್ಲ ಅದನ್ನೇ ನಂಬಿದ್ದೆವು. ರಸೀದಿ ಹೇಳುವುದು ಅದಕ್ಕಿಂತ ಹದಿಮೂರು ವರ್ಷ ಹಿಂದಿನದನ್ನು. ಗೋಜಲು ಬಿಡಿಸಿದ್ದು ಒಂದು ಉರ್ದು ಪತ್ರದ ಮೂಲೆಯಲ್ಲಿದ್ದ ಮುದ್ರೆ. ಅದರಲ್ಲಿ 1350 ಫಸ್ಲಿಯ ಕಾಯ್ದೆಯ ಉಲ್ಲೇಖ ಇತ್ತು. ಹೈದರಾಬಾದ್ ಸಂಸ್ಥಾನದ ಸಾರ್ವಜನಿಕ ಸಂಘಗಳ ನೋಂದಣಿ ಕಾಯ್ದೆ ಅದು, ನಮ್ಮ ಲೆಕ್ಕದಲ್ಲಿ 1940-41ರದು. ಸಂಘ ಹುಟ್ಟಿದ್ದು ಆ ಕಾಯ್ದೆಯ ಕೆಳಗೆ. 1956ರ ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯಕ್ಕೆ ಬಂದಾಗ ಹೊಸ ಹೆಸರು ಬರೆಸಿದ್ದಾರೆ, ಬೋರ್ಡಿನವನು ಆ ವರ್ಷವನ್ನೇ ಹುಟ್ಟಿದ ವರ್ಷ ಮಾಡಿದ್ದಾನೆ. 1960ರ ಸಂಘಗಳ ಕಾಯ್ದೆ ಬಂದ ಮೇಲೆ ಮತ್ತೊಂದು ಪ್ರಮಾಣಪತ್ರ ಇದೆ. ಹೈದರಾಬಾದ್ ಕಡೆಯ ಯಾವುದೇ ಹಳೆಯ ಸಂಘಕ್ಕೂ ಇಂಥ ಎರಡು ಮೂರು ಹುಟ್ಟಿದ ದಿನಗಳು ಇರುತ್ತವೆ. ಬೋರ್ಡು ನೋಡಿ ಬೆಳ್ಳಿಹಬ್ಬ, ಚಿನ್ನದಹಬ್ಬ ಮಾಡುವ ಮೊದಲು ಒಂದು ಸಲ ಟ್ರಂಕು ತೆರೆಯುವುದು ಒಳ್ಳೆಯದು.

ಹಣದ ಲೆಕ್ಕದಲ್ಲೂ ಒಂದು ಕಡೆ ಎಡವಿದೆ. ಚಂದಾ ಪುಸ್ತಕದ ಕನ್ನಡ ಪುಟಗಳಲ್ಲಿ 'ಹಾಲಿ 7 ರೂ.' ಎಂದು ಬರೆದಿತ್ತು. ಹಾಲಿ ಅಂದರೆ ಸದ್ಯ ಕೊಡಬೇಕಾದದ್ದು ಎಂದುಕೊಂಡು ಬಾಕಿ ಪಟ್ಟಿಗೆ ಸೇರಿಸಿದೆ. ಅದು ಹಾಲಿ ಸಿಕ್ಕಾ, ನಿಜಾಮರ ಸ್ವಂತ ರೂಪಾಯಿ. ಬ್ರಿಟಿಷ್ ಇಂಡಿಯಾದ ರೂಪಾಯಿಗೆ ನಮ್ಮವರು ಕಲ್ದಾರ್ ಎನ್ನುತ್ತಿದ್ದರು. ಏಳು ಹಾಲಿಗೆ ಹೆಚ್ಚುಕಡಿಮೆ ಆರು ಕಲ್ದಾರ್. ಮುಂಬೈಗೆ ಹತ್ತಿ ಕಳಿಸಿದವನಿಗೆ ದುಡ್ಡು ಕಲ್ದಾರಿನಲ್ಲಿ ಬರುತ್ತಿತ್ತು, ರೈತನಿಗೆ ಅವನು ಕೊಡುತ್ತಿದ್ದದ್ದು ಹಾಲಿಯಲ್ಲಿ. ನಾಣ್ಯ ಬದಲಿಸುವ ಈ ಬಟ್ಟಾ ವ್ಯವಹಾರದಲ್ಲೇ ಬದುಕಿದ ಅಂಗಡಿಗಳು ಇದ್ದವು. ಸಂಸ್ಥಾನ ಹೋದ ಮೇಲೂ ಕೆಲವು ವರ್ಷ ಎರಡೂ ನಾಣ್ಯ ಜೊತೆಗೇ ನಡೆದವು. ಅಂಥ ಪುಟಗಳಲ್ಲಿ ಮೊತ್ತ ಕೂಡಿಸುವ ಮೊದಲು ಯಾವ ರೂಪಾಯಿ ಎಂದು ಕೇಳಿಕೊಳ್ಳಲೇಬೇಕು.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ.

ಎರಡನೆಯ ಟ್ರಂಕಿನ ತಳದಲ್ಲಿ ಕೆಂಪು ಅರಿವೆಯ ಹೊದಿಕೆಯ ಉದ್ದನೆಯ ವಹಿ ಒಂದಿತ್ತು. ಮೇಲೆ ಏನೂ ಬರೆದಿರಲಿಲ್ಲ. ಒಳಗೆ ಠರಾವು ಇಲ್ಲ, ಜಮಾಖರ್ಚು ಇಲ್ಲ, ಬರೀ ಜಗಳಗಳು. ತೂಕದಲ್ಲಿ ಕಡಿಮೆ ಬಂತು, ಮಾದರಿಗೆಂದು ತೆಗೆದ ಹತ್ತಿ ಹೆಚ್ಚಾಯಿತು, ಒದ್ದೆ ಶೇಂಗಾ ಕೊಟ್ಟ, ಒಪ್ಪಿದ ದರಕ್ಕೆ ದುಡ್ಡು ಕೊಡಲಿಲ್ಲ, ಹುಂಡಿ ಹಿಂದಕ್ಕೆ ಬಂತು. ಪ್ರತಿ ತಕರಾರಿಗೂ ಎರಡು ಕಡೆಯವರ ಹೇಳಿಕೆ, ಮೂವರು ಪಂಚರ ಹೆಸರು, ತೀರ್ಮಾನ, ಕೆಳಗೆ ಸಹಿ ಇಲ್ಲವೇ ಹೆಬ್ಬೆಟ್ಟು. ಆ ವಹಿಯನ್ನು ಮೂರು ತಿಂಗಳು ಓದಿದೆ. ಅದನ್ನು ಓದಿದ ಮೇಲೆ ಠರಾವು ಪುಸ್ತಕ ಸಪ್ಪೆ ಎನ್ನಿಸಿತು. ಠರಾವಿನಲ್ಲಿ ಎಲ್ಲವೂ 'ಸರ್ವಾನುಮತದಿಂದ'. ಸಂಘ ಯಾಕೆ ಬೇಕಾಯಿತು ಎಂಬುದು ಈ ತಕರಾರು ವಹಿಯಲ್ಲಿ ಮಾತ್ರ ಇತ್ತು.

ಚೇಂಬರ್ ಆಫ್ ಕಾಮರ್ಸ್ ಎಂಬ ಮಾತು ಬಂದಾಗ ನಮಗೆ ನೆನಪಾಗುವುದು ದೊಡ್ಡ ಊರುಗಳ ದೊಡ್ಡ ಸಂಸ್ಥೆಗಳು. ಮುಂಬೈ, ಮದ್ರಾಸುಗಳಲ್ಲಿ 1836ರಲ್ಲೇ ಬ್ರಿಟಿಷ್ ವ್ಯಾಪಾರಿಗಳು ಕಟ್ಟಿಕೊಂಡರು. ಬೆಂಗಳೂರಿನಲ್ಲಿ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಆದದ್ದು ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಅವರ ಒತ್ತಾಸೆಯಿಂದ. ಅವು ಸರ್ಕಾರದ ಎದುರು ಕೂತು ಮಾತಾಡಲು ಹುಟ್ಟಿದವು. ಗಂಜಿನ ಸಂಘ ಹಾಗೆ ಹುಟ್ಟಿದ್ದಲ್ಲ. 1871ರಲ್ಲಿ ಮುಂಬೈ ಕಡೆಯ ರೈಲು, ಮದ್ರಾಸ್ ಕಡೆಯ ರೈಲು ಎರಡೂ ರಾಯಚೂರಿನಲ್ಲೇ ಕೂಡಿದವು. ಅಲ್ಲಿಂದ ಈ ಊರಿಗೆ ಪರಊರಿನ ಖರೀದಿದಾರ ಬರತೊಡಗಿದ. ತನ್ನ ಊರಿನವನಾದರೆ ಮನೆತನದ ಮೇಲೆ ನಂಬಿಕೆ ಇಟ್ಟು ಉದ್ರಿ ಕೊಡಬಹುದು. ಗುರುತಿಲ್ಲದವನಿಗೆ ನೂರು ಚೀಲ ಉದ್ರಿ ಕೊಟ್ಟವನಿಗೆ ಯಾರು ದಿಕ್ಕು? ಅಂಗಡಿ ಅಂಗಡಿಗೂ ತೂಕದ ಕಲ್ಲು ಬೇರೆ, ಸೇರು ಬೇರೆ, ಮಣ ಬೇರೆ. ಸಂಘ ಹುಟ್ಟಿದ್ದು ಈ ಅಳುಕಿನಲ್ಲಿ.

ವಹಿಯಲ್ಲಿ ಕೈಮಾತಿನ ಸೌದಾದ ತಕರಾರುಗಳು ಪುಟಗಟ್ಟಲೆ ಇವೆ. ದಲಾಲ ಮತ್ತು ಖರೀದಿದಾರ ಇಬ್ಬರೂ ಟವೆಲ್ಲಿನ ಕೆಳಗೆ ಕೈ ಹಾಕಿ, ಬೆರಳು ಹಿಡಿದು ದರ ಹೇಳುವುದು. ಎದುರಿಗೆ ನಿಂತ ರೈತನಿಗೆ ತನ್ನ ಮಾಲಿನ ದರ ತಿಳಿಯುವುದು ಎಲ್ಲ ಮುಗಿದ ಮೇಲೆ. ಬೆರಳು ನಾಲ್ಕೋ ಐದೋ ಎಂದು ಆಮೇಲೆ ಜಗಳ. ಮೇಲಿಂದ ಕಡಿತಗಳು ಬೇರೆ. ದಾನಧರ್ಮದ ಹೆಸರಿನ ಧರ್ಮಾದಾಯ, ತೂಕದಲ್ಲಿ ಕಳೆಯುವ ಸೂಟು, ಮಾದರಿ, ತೂಕದ ಕೂಲಿ, ಹಮಾಲಿ ಎಲ್ಲವನ್ನೂ ರೈತನ ಪಟ್ಟಿಯಲ್ಲಿ ಮುರಿಯುವುದು. ದಲಾಲಿ ಅಂಗಡಿಯಲ್ಲಿ ಬೆಳೆದವನು ನಾನು. ನಮ್ಮ ಹಿರಿಯರು ಮಾಡಿದ್ದನ್ನು ಓದಿ ಮನಸ್ಸು ಭಾರವಾಯಿತು. ಅದನ್ನು ಮುಚ್ಚಿಡುವುದು ಬೇಡ ಎಂದೂ ಅಂದೇ ನಿರ್ಧರಿಸಿದೆ.

ಇದನ್ನೆಲ್ಲ ಕಾಯ್ದೆಯ ಕಣ್ಣಿಂದಲೂ ನೋಡಬೇಕಾಯಿತು. ವರ್ಹಾಡದಲ್ಲಿ (ಬೇರಾರ್) 1897ರಲ್ಲೇ ಹತ್ತಿ ಪೇಟೆಗೆ ಕಾನೂನು ಬಂದಿತ್ತು. ಮುಂಬೈ ಪ್ರಾಂತ 1927ರಲ್ಲಿ ಹತ್ತಿ ಮಾರುಕಟ್ಟೆ ಕಾಯ್ದೆ ಮಾಡಿತು. 1928ರಲ್ಲಿ ಕೃಷಿಯ ರಾಯಲ್ ಕಮಿಷನ್, ಎಲ್ಲ ಕಡೆ ನಿಯಂತ್ರಿತ ಮಾರುಕಟ್ಟೆ ಬೇಕು ಎಂದಿತು. ಹೈದರಾಬಾದ್ ಸಂಸ್ಥಾನ 1930ರಲ್ಲಿ ತನ್ನ ಕೃಷಿ ಮಾರುಕಟ್ಟೆ ಕಾಯ್ದೆ ತಂದಿತು. ನಮ್ಮ ವಹಿಯಲ್ಲಿ ಈ ಕಾಯ್ದೆಯ ನೆರಳು ಕಾಣುತ್ತದೆ. ಮೊದಲ ಪುಟಗಳಲ್ಲಿ ಪಂಚರು 'ಪೇಟೆಯ ರೂಢಿಯಂತೆ' ಎಂದು ತೀರ್ಪು ಕೊಟ್ಟರೆ, ಮುಂದಿನ ಪುಟಗಳಲ್ಲಿ 'ಮಾರ್ಕೆಟ್ ಕಮಿಟಿಯ ನಿಯಮದಂತೆ' ಎನ್ನುತ್ತಾರೆ. ಎರಡೂ ಮಾತು ಒಂದೇ ಕೈಬರಹದಲ್ಲಿವೆ. ಬರೆಯುವ ಗುಮಾಸ್ತ ಅವನೇ, ಕಾಲ ಬೇರೆಯಾಗಿದೆ. ಮುಂದೆ 1966ರ ಕರ್ನಾಟಕದ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಕಾಯ್ದೆ ಬಂದ ಮೇಲೆ ತಕರಾರು ಬಗೆಹರಿಸುವ ಕೆಲಸ ಹೆಚ್ಚಿನಂಶ ಸಮಿತಿಗೆ ಹೋಯಿತು, ಟೆಂಡರ್ ಚೀಟಿ ಬಂತು, ವಹಿ ನಿಂತಿತು. ಹೊಸ ಕಾಯ್ದೆಯನ್ನು ವಿರೋಧಿಸಿ ಸಂಘ ಬರೆದ ಪತ್ರಗಳೂ ಇವೆ, ಒಪ್ಪಿಕೊಂಡು ಬರೆದವೂ ಇವೆ. ಎರಡನ್ನೂ ಹಾಕಿದೆ.

1947-48ರ ಪುಟಗಳಿಗೆ ಬಂದಾಗ ಕೈ ನಿಂತಿತು. ಠರಾವು ಪುಸ್ತಕದಲ್ಲಿ ದೈ 1357ರ ಸಭೆ ಆದ ಮೇಲೆ ಹದಿನಾಲ್ಕು ಖಾಲಿ ಹಾಳೆ. ದೈ ಎಂದರೆ 1947ರ ನವೆಂಬರ್. ಆಮೇಲಿನ ಬರಹ ಶುರುವಾಗುವುದು ಬೇರೆ ಮಸಿಯಲ್ಲಿ, ಬೇರೆ ಅಕ್ಷರದಲ್ಲಿ, ಕನ್ನಡದಲ್ಲಿ. ನಿಜಾಮರ ಪರ ನಿಂತ ರಜಾಕಾರರ ಪಡೆಯ ಹಾವಳಿಯ ದಿನ ಅವು. ಅನೇಕ ವ್ಯಾಪಾರಿಗಳು ಅಂಗಡಿಗೆ ಬೀಗ ಹಾಕಿ ಹೊಳೆ ದಾಟಿ ಆದವಾನಿ ಕಡೆಗೆ ಹೋದರು. ಆದವಾನಿ ಆಗ ಮದ್ರಾಸ್ ಪ್ರಾಂತ. ಕೊಪ್ಪಳ ಕಡೆಯವರು ಗಜೇಂದ್ರಗಡ, ಮುಂಡರಗಿಯ ಶಿಬಿರಗಳತ್ತ ಹೋದರು. ಸಂಸ್ಥಾನ ಮುಗಿದ ಮೇಲೆ ಕೆಲವು ಮುಸ್ಲಿಂ ವ್ಯಾಪಾರಿಗಳ ಹೆಸರು ನಮ್ಮ ಸದಸ್ಯರ ಪಟ್ಟಿಯಿಂದ ಮಾಯವಾಗುತ್ತದೆ. ಅವರೂ ಬೀಗ ಹಾಕಿದವರೇ. ಆ ಹೆಸರು ಓದುವಾಗ ಮಾಸ್ತರ್ ಸಾಬ್ ಸುಮ್ಮನಾದರು, ನಾನೂ ಸುಮ್ಮನಾದೆ. ಮೊದಲು ಹೋದವರ ಹೆಸರನ್ನೂ ಆಮೇಲೆ ಹೋದವರ ಹೆಸರನ್ನೂ ಒಂದೇ ಪುಟದಲ್ಲಿ ಬರೆದೆ. ಹದಿನಾಲ್ಕು ಖಾಲಿ ಹಾಳೆಗಳ ಫೋಟೊ ಒಂದನ್ನು ಅದೇ ಪುಟದ ಎದುರಿಗೆ ಹಾಕಿಸಿದೆ. ಏನೂ ವಿವರಣೆ ಕೊಡಲಿಲ್ಲ.

ಕಾಗದ ಹೇಳದ್ದನ್ನು ಮಂದಿ ಹೇಳಬೇಕು. ಹಿರಿಯರ ಬಳಿ ಮೊದಮೊದಲು "ಅದು ಯಾವ ಇಸವಿ ಕಾಕಾ?" ಎಂದು ಕೇಳುತ್ತಿದ್ದೆ. ಯಾರಿಗೂ ನೆನಪಿರಲಿಲ್ಲ. ಇಸವಿ ಕೇಳಬಾರದೆಂದು ಆಮೇಲೆ ತಿಳಿಯಿತು. "ಆಗ ಸೇರು ಇತ್ತೋ, ಕಿಲೋ ಬಂದಿತ್ತೋ?" "ಆಣೆ ನಡೀತಿತ್ತೋ, ನಯಾಪೈಸಾ ಬಂದಿತ್ತೋ?" "ಡ್ಯಾಂ ನೀರು ಬಂದಿತ್ತಾ?" "ವರಲಕ್ಷ್ಮಿ ಹತ್ತಿ ಹಾಕ್ತಿದ್ರಾ?" ಎಂದು ಕೇಳಿದರೆ ಥಟ್ಟನೆ ಉತ್ತರ ಬರುತ್ತಿತ್ತು. ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ, ಕಿಲೋ ಅದರ ಮುಂದಿನ ವರ್ಷದಿಂದ ಹಂತಹಂತವಾಗಿ, ತುಂಗಭದ್ರಾ ಜಲಾಶಯ 1953ರದು, ಧಾರವಾಡದ ವರಲಕ್ಷ್ಮಿ ಹತ್ತಿ 1972ರದು. ಹೀಗೆ ಗೂಟ ನೆಟ್ಟುಕೊಂಡರೆ ನೆನಪುಗಳು ತಾವಾಗಿಯೇ ಸಾಲಿಗೆ ನಿಲ್ಲುತ್ತವೆ. ಒಬ್ಬಾಕೆ, ತೊಂಬತ್ತರ ಹತ್ತಿರದ ಅಮ್ಮ, ಸಭೆ ಠರಾವು ಏನೂ ತಿಳಿಯದವರು, ದೀಪಾವಳಿ ಪಾಡ್ಯಕ್ಕೆ ಹೊಸ ವಹಿ ಪೂಜೆ ಮಾಡುವಾಗ ಮಾವನವರು ಯಾವ ಯಾವ ಅಂಗಡಿಗೆ ಎಲೆ ಅಡಿಕೆ ಕಳಿಸುತ್ತಿದ್ದರು ಎಂದು ಒಂದೇ ಉಸಿರಿಗೆ ಹೇಳಿದರು. ಆ ಅಂಗಡಿಗಳ ಹೆಸರು ನಮ್ಮ ಮೊದಲ ಸದಸ್ಯರ ಪಟ್ಟಿಗೆ ಹೆಚ್ಚುಕಡಿಮೆ ಸರಿ ಹೋಯಿತು. ಮನೆಯ ಹೆಂಗಸರನ್ನು ಕೇಳಬೇಕೆಂದು ನನಗೆ ಹೊಳೆದದ್ದು ಎರಡನೆಯ ವರ್ಷದಲ್ಲಿ. ಮೊದಲ ವರ್ಷವೇ ಕೇಳಿದ್ದರೆ ಇನ್ನೂ ಇಬ್ಬರು ಸಿಗುತ್ತಿದ್ದರು.

1956ರ ಭಾಗ ಬರೆಯುವಾಗ ನನಗೆ ಹೊಸ ವಿಷಯ ತಿಳಿಯಿತು. ಏಕೀಕರಣ ಎಂದರೆ ನಾವು ಸಂಭ್ರಮ ಎಂದೇ ತಿಳಿದವರು, ಅದು ಸಂಭ್ರಮವೇ. ಆದರೆ ಗಂಜಿನ ಕಾಗದದಲ್ಲಿ ಅದೇ ವರ್ಷ ಆತಂಕದ ಪತ್ರಗಳೂ ಇವೆ. ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಅಲ್ಲಿನ ರೈತರಿಗೆ ನಮ್ಮ ಗಂಜೇ ಪೇಟೆ, ನಮ್ಮ ಅಂಗಡಿಗಳಲ್ಲೇ ಅವರ ಖಾತೆ. ಒಂದೇ ರಾತ್ರಿಯಲ್ಲಿ ಅವರು ಪರರಾಜ್ಯದವರಾದರು. ಉದ್ರಿ ವಸೂಲಿಗೆ ಯಾವ ಕೋರ್ಟು, ಮಾಲಿಗೆ ಯಾವ ರಾಜ್ಯದ ತೆರಿಗೆ, ಗಡಿಯಲ್ಲಿ ಗಾಡಿ ತಡೆದರೆ ಯಾರಿಗೆ ಹೇಳುವುದು ಎಂದು ಸಂಘ ಪತ್ರದ ಮೇಲೆ ಪತ್ರ ಬರೆದಿದೆ. ಅದುವರೆಗೆ ಹೈದರಾಬಾದಿಗೆ ಹೋಗುತ್ತಿದ್ದ ನಿಯೋಗ ಈಗ ಅದರ ಎರಡರಷ್ಟು ದೂರದ ಬೆಂಗಳೂರಿಗೆ ಹೋಗಬೇಕಾಯಿತು, ಉರ್ದು ಬಲ್ಲ ಕಾರ್ಯದರ್ಶಿಯ ಬದಲು ಇಂಗ್ಲಿಷ್ ಬಲ್ಲವನನ್ನು ಹುಡುಕಬೇಕಾಯಿತು. ಆ ಕಡೆಯ ರೈತರು ಬರುವುದು ಮಾತ್ರ ನಿಲ್ಲಲಿಲ್ಲ. ಇಂದಿಗೂ ಹತ್ತಿ ಸೀಜನ್‌ನಲ್ಲಿ ಗದ್ವಾಲ ಕಡೆಯ ಗಾಡಿಗಳು ಗಂಜಿನ ಗೇಟಿಗೆ ಸಾಲುಗಟ್ಟುತ್ತವೆ. ತಾತನ ಖಾತೆ ಇದ್ದ ಅಂಗಡಿಗೇ ಮೊಮ್ಮಗ ಬರುವುದನ್ನು ನಾನೇ ಕಂಡಿದ್ದೇನೆ.

ಆಮೇಲಿನ ದಶಕಗಳನ್ನು ಬೇಗ ಬರೆದೆ. ಕಾಗದ ಬೇಕಾದಷ್ಟು ಇತ್ತು, ಸತ್ವ ಕಡಿಮೆ. ಕಾಲುವೆ ನೀರು ಬಂದ ಮೇಲೆ ಭತ್ತ, ಅದರ ಹಿಂದೆ ಅಕ್ಕಿ ಗಿರಣಿ, ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಾದ ಲೆವಿ ಅಕ್ಕಿಯ ಬಗ್ಗೆ ಗಿರಣಿಯವರ ತಕರಾರು; 1979ರಲ್ಲಿ ಊರೊಳಗೆ ಬರುವ ಮಾಲಿನ ಸುಂಕ ಆಕ್ಟ್ರಾಯ್ ಹೋಗಿ ಪ್ರವೇಶ ತೆರಿಗೆ; 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗಿ ಗಂಗಾವತಿಯ ವರ್ತಕರು ತಮ್ಮ ದಾರಿ ಹಿಡಿದದ್ದು; 2005ರ ವ್ಯಾಟ್, 2017ರ ಜಿಎಸ್‌ಟಿ; ಕಂಪ್ಯೂಟರಿನಲ್ಲಿ ಟೆಂಡರು. ಈ ಕಾಲದ ಸಂಘ ಹೆಚ್ಚಾಗಿ ಮನವಿ ಬರೆಯುವ ಸಂಘ. ಅದಕ್ಕೊಂದು ಅಧ್ಯಾಯ ಸಾಕಾಯಿತು.

ದೊಡ್ಡ ಜಗಳ ಆದದ್ದು ಹಮಾಲರ ಪುಟಗಳ ಮೇಲೆ. ಒಂದು ವರ್ಷ ಕೂಲಿ ದರಕ್ಕಾಗಿ ಹಮಾಲರು ಕೆಲಸ ನಿಲ್ಲಿಸಿದ್ದರು. ಹತ್ತೊಂಬತ್ತು ದಿನ ಗಂಜು ಬಂದ್. ಠರಾವು ಪುಸ್ತಕದಲ್ಲಿ ಅದಕ್ಕೆ ಒಂದೇ ಸಾಲು, 'ಹಮಾಲಿ ದರದ ವಿಷಯ ಇತ್ಯರ್ಥವಾಯಿತು' ಎಂದು. ನಾನು ಹಮಾಲರ ಹಿರಿಯ ಮುಖಂಡರ ಮನೆಗೆ ಹೋದೆ. ಹಾಸಿಗೆ ಹಿಡಿದಿದ್ದರು. "ಯಪ್ಪಾ, ನಿಮ್ಮ ಪುಸ್ತಕದಾಗ ನಮ್ಮ ಹೆಸರು ಯಾಕ ಹಾಕ್ತೀರಿ? ನಾವು ಸಂಘದ ಮೆಂಬರಲ್ಲ" ಅಂದರು. "ಚೀಲ ಹೊತ್ತವ್ರಿಲ್ಲದ ಗಂಜಿನ ಇತಿಹಾಸ ಬರೀಲಾಕ ನನಗ ಬರಲ್ಲಣ್ಣಾ" ಅಂದೆ. ಎರಡು ದಿನ ಕೂತು ಹೇಳಿದರು. ಯಾವ ಅಂಗಡಿಯ ಮೆಟ್ಟಿಲು ಎಷ್ಟು, ಹಸಿ ಚೀಲ ಎಷ್ಟು ಭಾರ, ಬೆನ್ನಿಗೆ ಏನು ಹಚ್ಚಿಕೊಳ್ಳುತ್ತಿದ್ದರು, ಹತ್ತೊಂಬತ್ತು ದಿನ ಮನೆಯಲ್ಲಿ ಏನು ಉಂಡರು ಎಂಬುದನ್ನೆಲ್ಲ ಬರೆದೆ. ಕಾರ್ಯಕಾರಿ ಸಮಿತಿಯಲ್ಲಿ ಇಬ್ಬರು ಎದ್ದು ನಿಂತರು. ಜಾಹೀರಾತು ಕೊಡುವ ಸಾಹುಕಾರರಿಗೆ ಬೇಸರವಾಗುತ್ತದೆ, ಆ ಪುಟ ತೆಗೆಯಿರಿ ಎಂದರು. ಪುಟ ತೆಗೆಯುವುದಾದರೆ ನನ್ನ ಹೆಸರನ್ನೂ ತೆಗೆಯಿರಿ, ಕಾಗದವನ್ನೆಲ್ಲ ಕಪಾಟಿಗೆ ವಾಪಸ್ ಇಡುತ್ತೇನೆ ಎಂದೆ. ಜೀವನದಲ್ಲಿ ಸಾಹುಕಾರರ ಎದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಅಧ್ಯಕ್ಷರು ಒಂದು ದಿನದ ಸಮಯ ಕೇಳಿ ತೆಗೆದುಕೊಂಡರು. ಮರುದಿನ ಬಂದು, "ಜಾಹೀರಾತು ಬ್ಯಾಡ್ರಿ. ನಾವ ರೊಕ್ಕ ಹಾಕಿ ಅಚ್ಚು ಹಾಕ್ಸೋಣು" ಅಂದರು. ಸ್ಮರಣ ಸಂಚಿಕೆ ಹೋಗಿ ಪುಸ್ತಕವಾದದ್ದು ಅಲ್ಲಿ. ಸಂಘದ ಚರಿತ್ರೆಯನ್ನು ಜಾಹೀರಾತಿನ ಹಣದಲ್ಲಿ ಅಚ್ಚು ಹಾಕಿಸಬೇಡಿ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಇನ್ನೊಂದು ಒತ್ತಡವೂ ಇತ್ತು. ಒಂದು ಮನೆತನದವರು, ಸಂಘ ಕಟ್ಟಿದ್ದು ನಮ್ಮ ಅಜ್ಜ ಎಂದರು. ಮೊದಲ ರಸೀದಿ ಪುಸ್ತಕದಲ್ಲಿ, ಮೊದಲ ಪಂಚರಲ್ಲಿ ಆ ಹೆಸರು ಇಲ್ಲ, ಐದು ವರ್ಷ ಬಿಟ್ಟು ಬರುತ್ತದೆ. ಸುಳ್ಳು ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ಹೆಸರಿಲ್ಲದೆ ಓಡಾಡಿದವರೂ ಇರುತ್ತಾರೆ. 'ಕಾಗದದಲ್ಲಿ ಇರುವುದು' ಎಂದು ಒಂದು ಪ್ಯಾರಾ, 'ಮನೆಯವರು ಹೇಳುವುದು' ಎಂದು ಇನ್ನೊಂದು ಪ್ಯಾರಾ ಬರೆದು ಅವರಿಗೇ ಓದಿ ತೋರಿಸಿದೆ. ಮೊದಲು ಮುಖ ಗಂಟು ಹಾಕಿದರು, ಆಮೇಲೆ ಒಪ್ಪಿದರು. ಇದೇ ಕ್ರಮವನ್ನು ಪುಸ್ತಕದುದ್ದಕ್ಕೂ ಇಟ್ಟುಕೊಂಡೆ.

ಪುಸ್ತಕ ಬಂದ ದಿನ ಮೊದಲ ಪ್ರತಿ ತೆಗೆದುಕೊಂಡು ಹಮಾಲರ ಮುಖಂಡರ ಮನೆಗೆ ಹೋದೆ. ಅವರಿಗೆ ಓದು ಬಾರದು. ಮೊಮ್ಮಗಳು, ಒಂಬತ್ತನೇ ಕ್ಲಾಸಿನ ಹುಡುಗಿ, ಆ ಅಧ್ಯಾಯವನ್ನು ಗಟ್ಟಿಯಾಗಿ ಓದಿದಳು. ಅವರು ಕಣ್ಣು ಮುಚ್ಚಿ ಕೇಳಿದರು. ನಡುವೆ ಕೈ ಎತ್ತಿ ನಿಲ್ಲಿಸಿ, "ಆ ಅಂಗಡಿಗಿ ಏಳು ಮೆಟ್ಟಿಲಲ್ಲ, ಒಂಬತ್ತು. ಕೆಳಗಿನ ಎರಡು ರಸ್ತಾ ಎತ್ತರ ಮಾಡಿದಾಗ ಮುಚ್ಚಿ ಹೋದ್ವು" ಅಂದರು. ಸಂಜೆ ಗಂಜಿಗೆ ಬಂದು ಅಂಗಡಿಯ ಮುಂದೆ ನಿಂತು ಎಣಿಸಿದೆ. ಕಾಣುವುದು ಏಳೇ. ಕಚೇರಿಯ ಪ್ರತಿಯಲ್ಲಿ ಆ ಸಾಲಿನ ಪಕ್ಕ ಪೆನ್ಸಿಲ್‌ನಿಂದ 9 ಎಂದು ಬರೆದು, ಹೇಳಿದವರ ಹೆಸರು, ತಾರೀಕು ಹಾಕಿ ಕಪಾಟಿನಲ್ಲಿ ಇಟ್ಟೆ.